ಸೊಲ್ಲಾಪುರದ ಹಳೇ ಹೋಟೆಲಿನಲ್ಲಿ ಎರಡು ರಾತ್ರಿ: ಕೊನೇ ಬಸ್ಸಿನ ಚಿಂತೆ ಇಲ್ಲದೆ ಊರು ನೋಡಿದ್ದು

ಬೋರಿ ದಂಡೆ (ಅಕ್ಕಲಕೋಟ ತಾಲೂಕು)

ಎಲ್ಲರಿಗೂ ನಮಸ್ಕಾರ. ನಾನು ಅಕ್ಕಲಕೋಟ ಕಡೆಯ ಹಳ್ಳಿಯವಳು. ಸೊಲ್ಲಾಪುರ ನಮಗೆ 40 ಕಿಲೋಮೀಟರ್ ಚಿಲ್ಲರೆ. ದವಾಖಾನೆಗೆ, ಮದುವೆ ಬಟ್ಟೆಗೆ, ಕಾಲೇಜಿನ ಅರ್ಜಿಗೆ ಅಂತ ಹುಟ್ಟಿದಾಗಿಂದ ಎಷ್ಟು ಸಲ ಹೋಗಿದ್ದೀನೋ ಲೆಕ್ಕ ಇಲ್ಲ. ಆದರೆ ಒಂದು ರಾತ್ರಿಯೂ ಅಲ್ಲಿ ಉಳಿದಿರಲಿಲ್ಲ. ನಾಲ್ಕು ಗಂಟೆ ಆಯ್ತೆಂದರೆ "ಬಸ್ಸು ತಪ್ಪುತ್ತೆ, ನಡೀರಿ" ಅಂತ ಅಪ್ಪ ಅವಸರ ಮಾಡೋರು. ಹಾಗಾಗಿ ನನ್ನ ಪಾಲಿಗೆ ಸೊಲ್ಲಾಪುರ ಅಂದರೆ ಎಸ್‌ಟಿ ಸ್ಟ್ಯಾಂಡು, ದವಾಖಾನೆಯ ಬೆಂಚು, ನವಿ ಪೇಟೆಯ ಅಂಗಡಿ. ಅಷ್ಟೇ.

ಈ ಸಲ ಅವ್ವನ ಕಣ್ಣಿನ ತಪಾಸಣೆ ಇತ್ತು. ಡಾಕ್ಟರು ಮರುದಿನ ಮತ್ತೆ ಬನ್ನಿ ಅಂದರು. ಹೋಗಿ ಬರೋ ಬದಲು ಉಳಿಯೋಣ ಅಂದೆ. ಅವ್ವ ಒಪ್ಪಿದಳು. ಪೇಟೆಯೊಳಗಿನ ಒಂದು ಹಳೇ ಹೋಟೆಲಿನಲ್ಲಿ ಕೋಣೆ ಹಿಡಿದೆವು. ಮಿಲ್ಲುಗಳ ಕಾಲದ್ದಂತೆ. ಮುಂಬಯಿಯಿಂದ ಬಟ್ಟೆ ವ್ಯಾಪಾರಿಗಳು ಬಂದು ಇಳಿದುಕೊಳ್ಳುತ್ತಿದ್ದರು ಅಂತ ಮ್ಯಾನೇಜರ್ ಕಾಕಾ ಹೇಳಿದರು.

ಗೋಡೆ ಕರಿಕಲ್ಲಿನದು, ಮೊಳದಷ್ಟು ದಪ್ಪ. ನೆಲಕ್ಕೆ ಶಹಾಬಾದ್ ಫರ್ಸಿ, ಅಂದರೆ ಹಾಸುಗಲ್ಲು. ಅದು ನಡೆದೂ ನಡೆದೂ ನುಣುಪಾಗಿ, ಮೆಟ್ಟಿಲ ಹತ್ತಿರ ತಟ್ಟೆಯ ಹಾಗೆ ತಗ್ಗು ಬಿದ್ದಿದೆ. ಸಾಗವಾನಿ ಮೆಟ್ಟಿಲು. ಅದರ ಕೈಪಿಡಿ ಒಂದು ಕಡೆ ಮಾತ್ರ ಕಪ್ಪಗೆ ಹೊಳೆಯುತ್ತೆ. ಹತ್ತುವಾಗ ಎಲ್ಲರೂ ಹಿಡಿಯೋದು ಅಲ್ಲೇ. ಚಾವಣಿ ಎಷ್ಟು ಎತ್ತರ ಅಂದರೆ ಫ್ಯಾನಿನ ಕೊಳವೆಯೇ ಆಳುದ್ದ ಇದೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು. ಅವ್ವ ಚಪ್ಪಲಿ ಬಿಟ್ಟು ಫರ್ಸಿ ಮೇಲೆ ಬರಿಗಾಲಲ್ಲಿ ನಿಂತಳು. "ನಮ್ಮ ತವರುಮನಿ ಪಡಸಾಲಿ ಹಂಗೇ ಐತಿ" ಅಂದಳು. ಅವಳ ತವರು ವಾಡೆ ಬಿದ್ದು ಇಪ್ಪತ್ತು ವರ್ಷ ಆಯ್ತು. ಆ ಸಂಜೆ ಅವಳು ಆ ಫರ್ಸಿ ಬಿಟ್ಟು ಎದ್ದದ್ದೇ ಕಡಿಮೆ.

ರಾತ್ರಿ ಹತ್ತರ ಮೇಲೆ ಪೇಟೆ ಸುಮ್ಮನಾಯ್ತು. ಅಂಗಡಿಗಳ ಶಟರ್ ಒಂದೊಂದೇ ಇಳಿಯೋ ಸದ್ದು, ಆಮೇಲೆ ಕಸ ಗುಡಿಸೋರ ಪೊರಕೆ ಸದ್ದು. ವರಾಂಡದಲ್ಲಿ ಕೂತು ಕೇಳಿದೆವು. ಕೆಳಗೆ ಇಬ್ಬರು ಹಮಾಲರು ಕೈಗಾಡಿ ಮೇಲೆ ಕೂತು ಮಾತಾಡುತ್ತಿದ್ದರು. ಒಬ್ಬ ಮರಾಠಿಯಲ್ಲಿ ಕೇಳೋದು, ಇನ್ನೊಬ್ಬ ಕನ್ನಡದಲ್ಲಿ ಹೇಳೋದು. ಇಬ್ಬರಿಗೂ ಅದು ಗಮನಕ್ಕೇ ಬಂದಿರಲಿಲ್ಲ ಅನ್ನಿಸುತ್ತೆ.

ಬೆಳಿಗ್ಗೆ ಆರಕ್ಕೆ ಸಿದ್ಧೇಶ್ವರ ಗುಡಿಗೆ ಹೋದೆವು. ಆಟೋ ಬೇಕಾಗಲಿಲ್ಲ. ಕೆರೆಯ ನಡುವೆ ಗುಡಿ, ಒಂದು ಬದಿಗೆ ಭುಯಿಕೋಟ ಕೋಟೆ. ನೀರಿನ ಮೇಲೆ ಇನ್ನೂ ಮಂಜಿತ್ತು. ಗುಡಿಗೆ ಇಳಿಯೋ ಕಡೆ ಒಬ್ಬ ಅಜ್ಜಿ ಹೂವು ಮಾರುತ್ತಾ ಕೂತಿದ್ದಳು. ಅವ್ವ ಮರಾಠಿಯಲ್ಲಿ ರೇಟು ಕೇಳಿದಳು. ಅಜ್ಜಿ ಅವಳ ಸೀರೆ ಉಟ್ಟ ರೀತಿ ನೋಡಿ, "ಯಾವೂರು ಯವ್ವಾ?" ಅಂದಳು. ಅಲ್ಲಿಗೆ ಮುಗೀತು. ಅರ್ಧ ಗಂಟೆ ಇಬ್ಬರದೂ ಮಾತು. ಹೂವಿಗೆ ದುಡ್ಡು ತಗೊಳ್ಳೋಕೆ ಅಜ್ಜಿ ಒಪ್ಪಲಿಲ್ಲ, ಅವ್ವ ಬಿಡಲಿಲ್ಲ.

ನಮ್ಮ ಕಡೆಯವರು ದಯವಿಟ್ಟು ಒಂದು ಸಲ ಉಳಿದು ನೋಡಿ. ಪಂಢರಪುರಕ್ಕೆ, ತುಳಜಾಪುರಕ್ಕೆ ಹೋಗುವಾಗ ಬಸ್ಸು ಬದಲಿಸೋ ಊರು ಅಂತ ಮಾತ್ರ ನೋಡಬೇಡಿ. ನಿಮಗೆ ಗೊತ್ತಿರೋದನ್ನೂ ಬರೀರಿ. ನಾನು ಬರೀ ಎರಡು ದಿನ ನೋಡಿದವಳು.

ಕುಂಬಳೆ ಕಡಲು (ಕಾಸರಗೋಡು)

ಅಕ್ಕಾ, ಓದಿ ತುಂಬಾ ಖುಷಿಯಾಯಿತು. ನಾವು ಇನ್ನೊಂದು ಗಡಿಯವರು. ಮಂಗಳೂರಿಗೆ ಹೋಗಿ ಸಂಜೆ ರೈಲಿಗೆ ವಾಪಸ್ ಬರುವವರು. ಹಾಗಾಗಿ ಕೊನೇ ಬಸ್ಸಿನ ಮಾತು ನನಗೂ ತಾಗಿತು. ಅಮ್ಮನನ್ನು ಕರೆದುಕೊಂಡು ಪಂಢರಪುರಕ್ಕೆ ಹೋಗುವ ಯೋಚನೆ ಇದೆ. ಸೊಲ್ಲಾಪುರದಲ್ಲಿ ಎರಡು ರಾತ್ರಿ ಸೇರಿಸಬಹುದಾ? ಅಮ್ಮನಿಗೆ ಮಂಡಿನೋವು. ಮೆಟ್ಟಿಲು ಜಾಸ್ತಿ ಇದೆಯಾ? ನಮಗೆ ಮರಾಠಿ ಒಂದಕ್ಷರ ಬರುವುದಿಲ್ಲ.

ಬೋರಿ ದಂಡೆ

ಖಂಡಿತ ಸೇರಿಸಿ ತಮ್ಮಾ. ಆ ಹೋಟೆಲಿಗೆ ಲಿಫ್ಟ್ ಇಲ್ಲ. ಬುಕ್ ಮಾಡುವಾಗಲೇ ಫೋನ್ ಮಾಡಿ ಕೆಳಗಿನ ಕೋಣೆ ಕೇಳಿ. ಆದರೆ ವರಾಂಡ ಇರೋದು ಮೇಲೆ. ನಿಮ್ಮಮ್ಮ ನಿಧಾನಕ್ಕೆ ದಿನಕ್ಕೊಂದು ಸಲ ಹತ್ತಬಲ್ಲರು ಅಂದರೆ ಮೇಲಿನದೇ ತಗೊಳ್ಳಿ. ನಾವು ಕೊಟ್ಟಿದ್ದು ದಿನಕ್ಕೆ 1,400 ರೂಪಾಯಿ. ಬಿಸಿನೀರು ಬೆಳಿಗ್ಗೆ ಎಂಟರವರೆಗೆ ಮಾತ್ರ. ಭಾಷೆಯ ಚಿಂತೆ ಬೇಡ. ಪೇಟೆಯ ಹಳೇ ಅಂಗಡಿಗಳಲ್ಲಿ ಕನ್ನಡದಲ್ಲೇ ಶುರು ಮಾಡಿ. ಹತ್ತರಲ್ಲಿ ನಾಲ್ಕೈದು ಕಡೆ ಕನ್ನಡದಲ್ಲೇ ಉತ್ತರ ಬರುತ್ತೆ. ಇಲ್ಲದಿದ್ದರೆ ಹಿಂದಿ ನಡೆಯುತ್ತೆ.

ಗಡಿ ಮಾಸ್ತರ (ದಕ್ಷಿಣ ಸೊಲ್ಲಾಪುರ)

ತಂಗಿ, ಒಳ್ಳೇ ಕೆಲಸ ಮಾಡಿದೆ. ಮೂವತ್ತು ವರ್ಷ ಗಡಿ ಹಳ್ಳಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವನು ನಾನು. ಮಕ್ಕಳನ್ನು ಕರೆದುಕೊಂಡು ಪ್ರತಿ ವರ್ಷ ಆ ಕೆರೆ ದಂಡೆಗೆ ಹೋಗುತ್ತಿದ್ದೆ. ಯಾಕೆ ಅಂತ ಹೇಳುತ್ತೇನೆ.

ವಚನ ಓದಿದವರಿಗೆ ಸೊನ್ನಲಿಗೆ ಅನ್ನೋ ಹೆಸರು ಗೊತ್ತು. ಆ ಸೊನ್ನಲಿಗೆಯೇ ಈ ಸೊಲ್ಲಾಪುರ. 12ನೇ ಶತಮಾನದ ಸಿದ್ಧರಾಮನ ಊರು. "ಕಪಿಲಸಿದ್ಧ ಮಲ್ಲಿಕಾರ್ಜುನ" ಅನ್ನೋ ಅಂಕಿತದಲ್ಲಿ ವಚನ ಬರೆದವನು. ಜನರನ್ನು ಕೂಡಿಸಿ ಕೆರೆ ತೋಡಿಸಿದ, ಗುಡಿ ಕಟ್ಟಿಸಿದ. ಅಲ್ಲಮಪ್ರಭು ಬಂದು, ಇದೆಲ್ಲ ಮಣ್ಣಿನ ಕೆಲಸ ಆಯಿತು, ನಿನ್ನ ಒಳಗಿನ ಕೆಲಸ ಎಲ್ಲಿ ಅಂತ ಕೆಣಕಿದ್ದು ಇಲ್ಲೇ. ಅಲ್ಲಮ ಅವನನ್ನು ಒಡ್ಡ ಅಂತ ಕರೆದ, ಕೆಲಸಗಾರರು ಸಿಟ್ಟಾಗಿ ಕಲ್ಲು ಬೀರಿದರು ಅನ್ನೋ ಕತೆ ನಾವೆಲ್ಲ ಓದಿದ್ದೇವೆ. ಆಮೇಲೆ ಸಿದ್ಧರಾಮ ಕಲ್ಯಾಣಕ್ಕೆ ಹೋದ. ಅವನ ಸಮಾಧಿ ಆ ಗುಡಿಯ ಆವರಣದಲ್ಲೇ ಇದೆ. ಪುಸ್ತಕದಲ್ಲಿ ಓದಿದ ಕೆರೆಯ ನೀರಿಗೆ ಮಕ್ಕಳು ಕೈ ಹಾಕಿದಾಗ ಅವರ ಮುಖ ನೋಡಬೇಕು.

ಇನ್ನೊಂದು ಮಾತು. ಸಂಕ್ರಾಂತಿಗೆ ಇಲ್ಲಿ ಸಿದ್ಧೇಶ್ವರನ ಜಾತ್ರೆ, ಅದಕ್ಕೆ ಗಡ್ಡಾ ಯಾತ್ರೆ ಅಂತಾರೆ. ಅದರ ಸುದ್ದಿ ಮರಾಠಿ ಪೇಪರಿನಲ್ಲಿ ಓದಿ ನೋಡಿ. ಮೊದಲ ದಿನ ಊರಿನ 68 ಲಿಂಗಗಳಿಗೆ "ಯಣ್ಣಿಮಜ್ಜನ" ಅಂತ ಬರೆದಿರುತ್ತಾರೆ. ಅದು ನಮ್ಮ ಎಣ್ಣೆ ಮಜ್ಜನ. ಕೊನೆಗೆ ನಂದಿಧ್ವಜದ ಬಟ್ಟೆ ಬಿಚ್ಚುವ ದಿನಕ್ಕೆ "ಕಪ್ಪಡಕಳಿ" ಅಂತಾರೆ. ಕಪ್ಪಡ ಅಂದರೆ ಬಟ್ಟೆ, ಕಳೆ ಅಂದರೆ ತೆಗೆ. ಮೊದಲ ಮಾನ ಹಿರೇಹಬ್ಬು ಮನೆತನದ್ದು. ಆ ಹೆಸರೂ ಕನ್ನಡವೇ. ಮರಾಠಿ ಮಾತಾಡುವ ಲಕ್ಷಾಂತರ ಜನ ವರ್ಷಕ್ಕೊಮ್ಮೆ ಈ ಮಾತುಗಳನ್ನು ಭಕ್ತಿಯಿಂದ ಆಡುತ್ತಾರೆ. ಅವರೂ ಇದನ್ನು ತಮ್ಮದು ಅಂತಲೇ ತಿಳಿದಿದ್ದಾರೆ, ಅದು ಸರಿಯೇ. ಜಗಳಕ್ಕಲ್ಲ ಇದನ್ನು ಹೇಳಿದ್ದು. ನಮ್ಮ ಮಕ್ಕಳಿಗೆ ಇದು ಗೊತ್ತಿರಲಿ ಅಂತ.

ಇಂಡಿ ಲಿಂಬೆ (ವಿಜಯಪುರ)

ಮಾಸ್ತರ್ ಸರ್, ಸೊಲ್ಲಾಪುರದ ಹೋಮ್ ಮೈದಾನ ಅಂದರೆ ಇಂಗ್ಲಿಷಿನ ಹೋಮ್ ಅಂತ ಇಷ್ಟು ವರ್ಷ ತಿಳಿದಿದ್ದೆ. ಅದೂ ಹೋಮದ್ದೇ ಏನ್ರೀ?

ಗಡಿ ಮಾಸ್ತರ

ಹೌದು. ಜಾತ್ರೆಯಲ್ಲಿ ಹೋಮ ನಡೆಯುವ ಬಯಲು ಅದು. ಕುಂಬಾರರ ಹುಡುಗಿಯ ಕತೆ ಇದೆ. ಸಿದ್ಧರಾಮನನ್ನೇ ಮದುವೆಯಾಗುತ್ತೇನೆ ಅಂತ ಹಟ ಹಿಡಿದಳು. ಅವನು ತನ್ನ ಯೋಗದಂಡದ ಜೊತೆ ಮದುವೆಗೆ ಒಪ್ಪಿಗೆ ಕೊಟ್ಟ. ಅದನ್ನೇ ಪ್ರತಿ ವರ್ಷ ನೆನೆಯುತ್ತಾರೆ. 7 ನಂದಿಧ್ವಜಗಳು ಮೆರವಣಿಗೆಯಲ್ಲಿ ಬರುತ್ತವೆ. ಅಷ್ಟೆತ್ತರದ ಧ್ವಜ ಒಬ್ಬನೇ ಹೊರಬೇಕು. ಹೊತ್ತವರೆಲ್ಲ ಬಿಳಿ ಬಾರಾಬಂದಿ ಅಂಗಿ. ಸಮ್ಮತಿ ಕಟ್ಟೆಯ ಹತ್ತಿರ ಅಕ್ಷತೆ ಬೀಳುವಾಗ ಊರಿಗೆ ಊರೇ ಅಲ್ಲಿರುತ್ತೆ.

ಮಿಲ್ಲಿನ ಭೋಂಗಾ (ಸೊಲ್ಲಾಪುರ)

ನಾನು ಇದೇ ಊರಿನವನು. ಮನೇಲಿ ಕನ್ನಡ, ಬೀದೀಲಿ ಮರಾಠಿ, ಗೆಳೆಯರ ಜೊತೆ ತೆಲುಗು. ನಮ್ಮ ತಂದೆ ಮಿಲ್ಲಿನಲ್ಲಿ ಜಾಬರ್, ಅಂದರೆ ಕೆಲಸಗಾರರ ಮೇಸ್ತ್ರಿ ಆಗಿದ್ದರು. ಅಕ್ಕಾ, ನಿಮ್ಮ ಹೋಟೆಲಿನ ಮಾತು ಓದಿ ಅವರ ನೆನಪಾಯ್ತು.

ರೈಲು ಈ ಊರಿಗೆ 1860ರಲ್ಲಿ ಬಂತು. ಮೊದಲ ಮಿಲ್ಲು 1877ರಲ್ಲಿ. ಜನ ಈಗಲೂ ಅದಕ್ಕೆ ಜುನಿ ಮಿಲ್ (ಹಳೇ ಮಿಲ್ಲು) ಅಂತಾರೆ. ನಿಮ್ಮ ಹೋಟೆಲಿನಂಥ ಕಟ್ಟಡಗಳೆಲ್ಲ ಆ ದುಡ್ಡಿನ ಮೇಲೆ ಎದ್ದವು. ಹೊತ್ತು ಗೊತ್ತಾಗುತ್ತಿದ್ದುದು ಗಡಿಯಾರದಿಂದ ಅಲ್ಲ, ಭೋಂಗಾದಿಂದ, ಅಂದರೆ ಮಿಲ್ಲಿನ ಸೈರನ್ನಿನಿಂದ. ಮೊದಲ ಭೋಂಗಾ ಆದರೆ ಅವ್ವ ಒಲೆ ಹಚ್ಚೋಳು, ಎರಡನೇದಕ್ಕೆ ಅಪ್ಪ ಡಬ್ಬಿ ಹಿಡಿದು ಹೊರಗೆ ಬೀಳೋರು. ಡಬ್ಬಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ರೊಟ್ಟಿ ಮುರಿದರೆ ಹಪ್ಪಳದ ಹಾಗೆ ಸದ್ದಾಗಬೇಕು. ಆಗಲೇ ಅದು ಸರಿಯಾಗಿ ಬೆಂದಿದೆ ಅಂತ. ಮಿಲ್ಲುಗಳು ಮುಚ್ಚಿದ ಮೇಲೆ ಎಷ್ಟೋ ದಿನ ಅಪ್ಪನಿಗೆ ಆ ಹೊತ್ತಿಗೇ ಎಚ್ಚರ ಆಗುತ್ತಿತ್ತು. ಎದ್ದು ಕೂತು ಸುಮ್ನೆ ಕಿವಿಗೊಡುತ್ತಿದ್ದರು.

ಉಳಿಯೋರು ನಾಲ್ಕು ಹುತಾತ್ಮರ ಪುತ್ಥಳಿ ನೋಡದೆ ಹೋಗಬೇಡಿ. 1930ರ ಮೇ ತಿಂಗಳಲ್ಲಿ ಈ ಊರು ಬ್ರಿಟಿಷರ ಕೈ ತಪ್ಪಿತ್ತು, ಕೆಲವೇ ದಿನ. ಆಮೇಲೆ ಮಾರ್ಷಲ್ ಲಾ ಹೇರಿದರು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಶನ್ ಸಾರಡಾ, ಜಗನ್ನಾಥ ಶಿಂದೆ. ನಾಲ್ವರನ್ನೂ 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಆ ಹೆಸರುಗಳನ್ನು ಒಂದು ಸಲ ಜೋರಾಗಿ ಓದಿ ನೋಡಿ. ನಮ್ಮ ಊರು ಹೆಂಗಿತ್ತು ಅಂತ ಗೊತ್ತಾಗುತ್ತೆ.

ಡಾಕ್ಟರ್ ಕೋಟ್ನಿಸರ ಮನೆಯೂ ಇದೆ, ಈಗ ಸ್ಮಾರಕ. 1938ರಲ್ಲಿ ಚೀನಾಕ್ಕೆ ಹೋಗಿ, ಯುದ್ಧದಲ್ಲಿ ಗಾಯಗೊಂಡವರ ಸೇವೆ ಮಾಡ್ತಾ ಅಲ್ಲೇ 1942ರಲ್ಲಿ ತೀರಿಕೊಂಡರು. ಆಗ ವಯಸ್ಸು ಬರೀ 32.

ಇಂಡಿ ಲಿಂಬೆ

ಎಲ್ಲಾ ಒಪ್ಪಿದೆ. ಆದರೆ ನಾನು ಸ್ವಲ್ಪ ಬೇರೆ ಹೇಳಬೇಕು, ಬೇಜಾರು ಮಾಡ್ಕೋಬೇಡಿ. ಹೋದ ವರ್ಷ ಪೇಟೆಯೊಳಗಿನ ಇಂಥದೇ ಒಂದು ಹಳೇ ಲಾಡ್ಜಿನಲ್ಲಿ ಮಕ್ಕಳ ಜೊತೆ ಉಳಿದೆ. ಕಾರು ನಿಲ್ಲಿಸೋಕೆ ಜಾಗ ಇರಲಿಲ್ಲ. ರಾತ್ರಿಯೆಲ್ಲ ಸೊಳ್ಳೆ. ಬಚ್ಚಲ ಬಾಗಿಲಿಗೆ ಚಿಲಕ ಇರಲಿಲ್ಲ. ಕೇಳಿದರೆ "ಹಳೇ ಕಟ್ಟಡ ಅಲ್ವಾ" ಅಂದರು. ಹಳೇದು ಅಂದರೆ ಚಿಲಕ ಹಾಕಿಸಬಾರದು ಅಂತ ಇದೆಯಾ? ಹೆಣ್ಮಕ್ಕಳನ್ನು ಕರೆದುಕೊಂಡು ಹೋದವನಿಗೆ ಎಷ್ಟು ಕಷ್ಟ ಆಯ್ತು ಗೊತ್ತಾ. ವಿಜಯಪುರ ರಸ್ತೆಯ ಕಡೆ ಹೊಸ ಹೋಟೆಲುಗಳಿವೆ. ಪಾರ್ಕಿಂಗ್ ಇದೆ, 24 ಗಂಟೆ ನೀರಿದೆ. ಅಲ್ಲಿದ್ದೇ ಊರು ನೋಡಬಹುದು.

ಬೋರಿ ದಂಡೆ

ಅಣ್ಣಾ, ಚಿಲಕದ ಮಾತು ನೂರಕ್ಕೆ ನೂರು ಸರಿ. ಅದಕ್ಕೆ ಸಮಜಾಯಿಷಿಯೇ ಇಲ್ಲ. ನಮಗೂ ಒಂದು ತೊಂದರೆ ಆಯ್ತು. ಮೊದಲು ಬರೆದಿರಲಿಲ್ಲ, ಈಗ ಬರೀತೀನಿ. ಬುಕ್ ಮಾಡಿದ ಆ್ಯಪಿನಲ್ಲಿ ವರಾಂಡದ ಕೋಣೆ ಅಂತ ಫೋಟೋ ಇತ್ತು. ಹೋದಾಗ ಕೊಟ್ಟಿದ್ದು ಹಿಂದಿನ ಕೋಣೆ. ಕಿಟಕಿ ತೆಗೆದರೆ ಪಕ್ಕದ ಗೋಡೆ. ಆ್ಯಪಿನವರಿಗೆ ಫೋನ್ ಮಾಡಿದೆ. ಹೋಟೆಲಿನವರನ್ನು ಕೇಳಿ ಅಂದರು. ಹೋಟೆಲಿನ ಹುಡುಗ ಆ್ಯಪಿನವರನ್ನು ಕೇಳಿ ಅಂದ. ಅವ್ವ ಮೆಟ್ಟಿಲ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದಳು, ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಎಲ್ಲ ಮಸುಕು. ನನಗೆ ಅಳು ಬರೋದೊಂದು ಬಾಕಿ. ಸಂಜೆ ಮ್ಯಾನೇಜರ್ ಕಾಕಾ ಬಂದ ಮೇಲೆ ಅವ್ವನನ್ನು ನೋಡಿ, ಏನೂ ಕೇಳದೆ ಮುಂದಿನ ಕೋಣೆಯ ಕೀಲಿ ಕೊಟ್ಟರು. ಅದಕ್ಕೇ ಹೇಳೋದು, ಹೋಟೆಲಿಗೇ ನೇರ ಫೋನ್ ಮಾಡಿ.

ಆದರೆ ರಸ್ತೆಯ ಕಡೆ ಉಳಿದರೆ ಆರು ಗಂಟೆಯ ಕೆರೆ ಸಿಗೋದಿಲ್ಲ ಅಣ್ಣಾ. ಎದ್ದು, ಕಾರು ತೆಗೆದು, ಬರೋಷ್ಟರಲ್ಲಿ ಎಂಟಾಗುತ್ತೆ. ಮಕ್ಕಳಿದ್ದರೆ ಇನ್ನೂ ತಡ.

ಕೋಟೆ ಕೊತ್ತಲ (ಕಲಬುರಗಿ)

ಅಕ್ಕಾ, ಕೋಟೆಯ ಒಳಗೆ ಹೋಗಲೇ ಇಲ್ವಾ? ಬಹಮನಿಗಳ ಕಾಲದ್ದು. ಎರಡು ಸುತ್ತಿನ ಗೋಡೆ, ಮೂರು ಕಡೆ ಕಂದಕ, ಇನ್ನೊಂದು ಕಡೆ ನಿಮ್ಮ ಸಿದ್ಧೇಶ್ವರ ಕೆರೆಯೇ ಕಾವಲು. ಈ ಕೋಟೆಗಾಗಿ ಬಿಜಾಪುರದ ಆದಿಲ್‌ಶಾಹಿ, ಅಹಮದ್‌ನಗರದ ನಿಜಾಮ್‌ಶಾಹಿ ಎಷ್ಟು ಸಲ ಕಾದಾಡಿದರೋ. ಕೊನೆಗೆ ಚಾಂದ್ ಬೀಬಿಯ ಮದುವೆಯಲ್ಲಿ ಬಳುವಳಿಯಾಗಿ ಬಿಜಾಪುರಕ್ಕೆ ಬಂತು. ಮಗಳ ಜೊತೆ ಕೋಟೆ ಕೊಟ್ಟರು ನೋಡಿ! ಅದಾದ ಮೇಲೆಯೇ ಅವರೆಲ್ಲ ಒಂದಾಗಿ 1565ರಲ್ಲಿ ವಿಜಯನಗರದ ಮೇಲೆ ಹೋದದ್ದು. ಆ ಗೋಡೆ ಮುಂದೆ ನಿಂತಾಗ ನನಗೆ ಹಂಪಿ ನೆನಪಾಗಿ ಸಂಕಟ ಆಗಿತ್ತು. 1818ರಲ್ಲಿ ಥಾಮಸ್ ಮನ್ರೋ ಮುತ್ತಿಗೆ ಹಾಕಿ ಇದನ್ನು ಬ್ರಿಟಿಷರಿಗೆ ಗೆದ್ದುಕೊಟ್ಟ. ನಮ್ಮ ಬಳ್ಳಾರಿ ಕಡೆಯವರಿಗೆಲ್ಲ ಗೊತ್ತಿರೋ ಅದೇ ಮನ್ರೋ.

ಒಂದು ದಿನ ಜಾಸ್ತಿ ಇದ್ದರೆ ನಳದುರ್ಗಕ್ಕೆ ಹೋಗಿ. ಹೈದರಾಬಾದ್ ರಸ್ತೆಯಲ್ಲಿ, ಗಂಟೆ ದಾರಿ. ನಿಮ್ಮ ಹೆಸರಿನಲ್ಲಿರೋ ಬೋರಿ ಹೊಳೆಯನ್ನೇ ಕೋಟೆಯೊಳಗೆ ಅಡ್ಡಗಟ್ಟಿ ನಿಲ್ಲಿಸಿದ್ದಾರೆ. ಕಟ್ಟೆಯ ಹೊಟ್ಟೆಯೊಳಗೆ ಒಂದು ಮಹಲು, ಅದಕ್ಕೆ ಪಾಣಿ ಮಹಲ್ ಅಂತ ಹೆಸರು. ಇಬ್ರಾಹಿಂ ರೋಜಾದಲ್ಲಿ ಮಲಗಿದ್ದಾನಲ್ಲ, ಆ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದ್ದು. ಮಳೆಗಾಲದಲ್ಲಿ ಹೊಳೆ ತುಂಬಿದರೆ ನೀರು ಎರಡು ಕಡೆಯಿಂದ ಧುಮ್ಮಿಕ್ಕುತ್ತೆ. ಜನ ಒಂದಕ್ಕೆ ನರ (ಗಂಡು), ಇನ್ನೊಂದಕ್ಕೆ ಮಾದಿ (ಹೆಣ್ಣು) ಅಂತಾರೆ. ನಾನು ಒಳಗಿನ ಕಿಟಕಿಯಲ್ಲಿ ನಿಂತಿದ್ದೆ. ಕಣ್ಣ ಮುಂದೆ ನೀರಿನ ಪರದೆ. ಕಲ್ಲಿಗೆ ಕೈ ಇಟ್ಟರೆ ಗೋಡೆ ಅದುರೋದು ಅಂಗೈಗೆ ತಿಳಿಯುತ್ತೆ. ಬೇಸಿಗೆಯಲ್ಲಿ ಹೋದರೆ ಇದೇನೂ ಇಲ್ಲ, ಬರೀ ಒಣಕಲ್ಲು.

ಬೋರಿ ದಂಡೆ

ನಮ್ಮ ಹೊಲದ ಬದುವಿಗೆ ಬರೋ ನೀರು ಅಲ್ಲಿ ಮಹಲಿನ ಮೇಲಿಂದ ಬೀಳುತ್ತಾ! ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಶ್ರಾವಣದಲ್ಲಿ ಅವ್ವನನ್ನು ಕರೆದುಕೊಂಡು ಹೋಗ್ತೀನಿ.

ಕುಂಬಳೆ ಕಡಲು

ಒಂದು ಸಂಶಯ. ಮ್ಯಾಪಿನಲ್ಲಿ ಸೊಲ್ಲಾಪುರದ ಹತ್ತಿರ ಕೂಡಲ ಸಂಗಮ ಅಂತ ತೋರಿಸುತ್ತಿದೆ. ಬಸವಣ್ಣನವರ ಐಕ್ಯಸ್ಥಳ ಅದೇನಾ? ಅಮ್ಮನಿಗೆ ಅಲ್ಲಿಗೆ ಹೋಗಬೇಕೆಂದು ಬಹಳ ದಿನದ ಆಸೆ.

ಗಡಿ ಮಾಸ್ತರ

ಅಲ್ಲ ತಮ್ಮಾ. ಸರಿಯಾದ ಹೊತ್ತಿಗೆ ಕೇಳಿದೆ, ಎಷ್ಟೋ ಜನ ಇಲ್ಲಿ ಎಡವುತ್ತಾರೆ. ಬಸವಣ್ಣನವರ ಕೂಡಲಸಂಗಮ ಬಾಗಲಕೋಟೆ ಜಿಲ್ಲೆಯಲ್ಲಿದೆ. ಕೃಷ್ಣಾ, ಮಲಪ್ರಭಾ ಸೇರುವ ಜಾಗ. ಇಲ್ಲಿರೋದು ಹತ್ತರಸಂಗ ಕೂಡಲ, ದಕ್ಷಿಣ ಸೊಲ್ಲಾಪುರ ತಾಲೂಕು. ಭೀಮಾ, ಸೀನಾ ಸೇರುತ್ತವೆ. ಹೊಳೆ ಕೂಡುವಲ್ಲೆಲ್ಲ ನಮ್ಮವರು ಕೂಡಲ ಅಂದರು, ಅದಕ್ಕೇ ಎರಡು.

ಆದರೆ ಇದನ್ನೂ ಬಿಡಬೇಡಿ. ಹರಿಹರೇಶ್ವರ ಗುಡಿಯಲ್ಲಿ ಒಂದು ಲಿಂಗ ಇದೆ. ಅದರ ಮೈತುಂಬಾ ಸಾಲುಸಾಲಾಗಿ ಶಿವನ ಪುಟ್ಟ ಪುಟ್ಟ ಮುಖಗಳು, ಒಟ್ಟು 359 ಅಂತ ಎಣಿಸಿದ್ದಾರೆ. ನಮ್ಮ ಮಕ್ಕಳು ಎಣಿಸೋಕೆ ಹೋಗಿ ಪ್ರತಿ ಸಲ ಲೆಕ್ಕ ತಪ್ಪುತ್ತಿದ್ದರು. ಪಕ್ಕದ ಸಂಗಮೇಶ್ವರ ಗುಡಿಯ ತೊಲೆಯ ಮೇಲೆ 1018ನೇ ಇಸವಿಯ ಶಾಸನ. ಅದರ ಕೊನೇ ಸಾಲು ಮರಾಠಿಯಲ್ಲಿದೆ, ತೀರಾ ಹಳೇ ಮರಾಠಿ ಬರಹಗಳಲ್ಲಿ ಒಂದು ಅಂತ ಅದಕ್ಕೆ ದೊಡ್ಡ ಗೌರವ. ಊರಿನ ಹೆಸರು ಕನ್ನಡ, ತೊಲೆಯ ಮೇಲೆ ಮರಾಠಿ.

ಪಂಢರಪುರಕ್ಕೆ ಹೋಗುವಾಗ ಸ್ವಲ್ಪ ಸುತ್ತಾದರೂ ಪರವಾಗಿಲ್ಲ, ಮಂಗಳವೇಢೆ ಮೇಲೆ ಹೋಗಿ. ಬಿಜ್ಜಳ ಕಲ್ಯಾಣಕ್ಕೆ ಹೋಗೋ ಮುಂಚೆ ಇದ್ದದ್ದು ಅಲ್ಲಿ. ಬಸವಣ್ಣನವರು ಕರಣಿಕರಾಗಿ ಕೆಲಸಕ್ಕೆ ಸೇರಿದ್ದೂ ಅಲ್ಲೇ. ಹಾಗಾಗಿ ಅಮ್ಮನ ಆಸೆ ಪೂರ್ತಿ ಅಲ್ಲದಿದ್ದರೂ ಅರ್ಧ ತೀರುತ್ತೆ.

ಇಂಡಿ ಲಿಂಬೆ

ಚಾದರ ಎಲ್ಲಿ ತಗೊಳ್ಳೋದು ಅಂತ ಯಾರೂ ಹೇಳಲೇ ಇಲ್ಲ. ನಮ್ಮ ಮನೆಯವರು ಅದನ್ನೇ ಕೇಳುತ್ತಿದ್ದಾರೆ.

ಮಿಲ್ಲಿನ ಭೋಂಗಾ

ಚಾಟಿ ಗಲ್ಲಿಯ ಕಡೆ ಹೋಗಿ ಅಣ್ಣಾ. ಬಿಚ್ಚಿಸಿ, ಎರಡೂ ಬದಿ ನೋಡಿ. ನಮ್ಮ ಜಕಾರ್ಡ್ ಚಾದರದಲ್ಲಿ ಹೂವು ಎರಡೂ ಕಡೆ ಇರುತ್ತೆ. ಈ ಕಡೆ ಕೆಂಪು ನೆಲದ ಮೇಲೆ ಬಿಳಿ ಹೂವು ಇದ್ದರೆ ಆ ಕಡೆ ಬಿಳಿ ನೆಲದ ಮೇಲೆ ಕೆಂಪು. ಒಂದು ಬದಿ ಮಾತ್ರ ಹೂವಿದ್ದು ಇನ್ನೊಂದು ಬದಿ ಮಂಕಾಗಿದ್ದರೆ ಅದು ಅಚ್ಚು ಒತ್ತಿದ್ದು. ಕೈಯಲ್ಲಿ ಎತ್ತಿದರೆ ತೂಕ ಇರಬೇಕು. ಪೂರ್ವಭಾಗದ ಪದ್ಮಶಾಲಿ ನೇಕಾರರ ಓಣಿಗಳಿಗೆ ಹೋದರೆ ಮಗ್ಗದ ಸದ್ದು ಬಾಗಿಲಿಗೇ ಕೇಳುತ್ತೆ. ಅಲ್ಲಿ ತೆಲುಗು ನಡೆಯುತ್ತೆ. ಏಪ್ರಿಲ್, ಮೇ ತಿಂಗಳು ಮಾತ್ರ ಬೇಡ, ಬಿಸಿಲು ತಡೆಯೋಕಾಗಲ್ಲ. ಚಳಿಗಾಲದಲ್ಲಿ ಬಂದರೆ ಹುರ್ಡಾ, ನೀವು ಸೀತನಿ ಅಂತೀರಲ್ಲ, ಆ ಸುಟ್ಟ ಎಳೇ ಜೋಳ, ಅದೂ ಸಿಗುತ್ತೆ. ಸಂಕ್ರಾಂತಿ ಜಾತ್ರೆಗೆ ಬರೋದಾದರೆ ಕೋಣೆ ತಿಂಗಳ ಮೊದಲೇ ಹಿಡೀರಿ.

ಚಿಲಕದ ವಿಷಯ ಓದಿ ನಮ್ಮೂರಿನವನಾಗಿ ಬೇಜಾರಾಯ್ತು. ಮುಂದಿನ ಸಲ ಬಂದಾಗ ಇಲ್ಲಿ ಒಂದು ಮಾತು ಬರೀರಿ. ನಾನೇ ಹೋಗಿ ಕೋಣೆ ನೋಡಿ ಹೇಳ್ತೀನಿ.

ಇಂಡಿ ಲಿಂಬೆ

ಆಯ್ತು ಅಣ್ಣಾ. ನೀವು ನೋಡಿ ಹೇಳಿದರೆ ಪೇಟೆಯೊಳಗೇ ಉಳೀತೀವಿ.

ಕುಂಬಳೆ ಕಡಲು

ಎಲ್ಲರಿಗೂ ವಂದನೆಗಳು. ನಿನ್ನೆ ರಾತ್ರಿ ಬಂದು ಇಳಿದೆವು. ಅಕ್ಕ ಹೇಳಿದ ಹಾಗೆ ನೇರ ಫೋನ್ ಮಾಡಿದ್ದೆ, ವರಾಂಡದ ಕೋಣೆಯೇ ಸಿಕ್ಕಿತು. ಅಮ್ಮ ಮೆಟ್ಟಿಲು ಹತ್ತುವಾಗ ಆ ಹೊಳೆಯುವ ಕೈಪಿಡಿ ಹಿಡಿದುಕೊಂಡೇ ಹತ್ತಿದರು. ಈಗ ಬೆಳಿಗ್ಗೆ ಐದೂಮುಕ್ಕಾಲು. ಅಮ್ಮ ಸೀರೆ ಉಟ್ಟು ರೆಡಿ. ಅಕ್ಕಾ, ಆ ಹೂವಿನ ಅಜ್ಜಿ ಎಲ್ಲಿ ಕೂರುತ್ತಾರೆ?

ಬೋರಿ ದಂಡೆ

ಗುಡಿಗೆ ಇಳಿಯೋಕೆ ಮುಂಚೆ, ಎಡಗಡೆ. ಹಸಿರು ಬುಟ್ಟಿ. ಎಂಟರ ಮೇಲೆ ಇರೋದಿಲ್ಲ, ಬೇಗ ಹೋಗಿ. ಅಕ್ಕಲಕೋಟ ಕಡೆಯ, ಕಣ್ಣು ತೋರಿಸೋಕೆ ಬಂದಿದ್ದ ಯವ್ವ ಈಗ ಚೆನ್ನಾಗಿ ನೋಡ್ತಾಳೆ ಅಂತ ಹೇಳಿ. ಅಜ್ಜಿ ಕೇಳಿದ್ದಳು.